ಪುರದ ಸೌದೆ ಲೆಕ್ಕ, ಅಸ್ತ್ರ ಒಲೆ

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಗೆ 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ಬಂದ ವಿಜ್ಞಾನಿಗಳು ಮನೆಮನೆಗೆ ಹೋಗಿ ಸೌದೆ ತೂಗಿದರು. ಪುಳ್ಳೆ ಆರಿಸಿ ತಂದವರು ಯಾರು, ಅದಕ್ಕೆ ಹಿಡಿದ ಹೊತ್ತೆಷ್ಟು, ನೀರು ಹೊತ್ತವರು ಯಾರು, ದೀಪಕ್ಕೆ ಸುಟ್ಟ ಸೀಮೆಎಣ್ಣೆ ಎಷ್ಟು ಎಂಬುದನ್ನೆಲ್ಲ ಬರೆದುಕೊಂಡರು. ಲೆಕ್ಕ ಕೂಡಿಸಿದಾಗ ಊರು ಬಳಸುವ ಒಟ್ಟು ಶಕ್ತಿಯಲ್ಲಿ ಹೆಚ್ಚುಕಡಿಮೆ ಶೇ. 90 ಭಾಗ ಬರೀ ಸೌದೆ ಎಂದು ಗೊತ್ತಾಯಿತು. ಕರೆಂಟಿನದು ಶೇ. 1ರ ಆಸುಪಾಸು. ಮನುಷ್ಯರು ತೋಳಿನಿಂದ ಮಾಡುವ ದುಡಿಮೆಯಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರದು.

ಈ ಲೆಕ್ಕದ ಹಿಂದಿದ್ದವರು ಅಮೂಲ್ಯ ರೆಡ್ಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ, ಆ ವಿಷಯದ ಪಠ್ಯಪುಸ್ತಕ ಬರೆದು ಜಗತ್ತಿನಲ್ಲೆಲ್ಲ ಹೆಸರಾಗಿದ್ದವರು. ಅರಬ್ ದೇಶಗಳ ತೈಲ ಬಿಕ್ಕಟ್ಟಿನ ಮರುವರ್ಷ, 1974ರಲ್ಲಿ, ಅವರು ಅದೇ ಸಂಸ್ಥೆಯೊಳಗೆ ಗ್ರಾಮಗಳಿಗಾಗಿ ವಿಜ್ಞಾನ ಬಳಸುವ ಒಂದು ಘಟಕ ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ‘ಅಸ್ತ್ರ’ ಆಯಿತು. ಕುಣಿಗಲ್ ತಾಲ್ಲೂಕಿನದೇ ಆದ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಶುರುವಾಯಿತು. ಆ ಕಾಲಕ್ಕೆ ದೇಶದ ದೊಡ್ಡ ವಿಜ್ಞಾನ ಸಂಸ್ಥೆಯೊಂದು ಅಡುಗೆಮನೆಯ ಬೂದಿಗೆ ಕೈಹಾಕಿದ್ದು ಸಣ್ಣ ಸಂಗತಿಯಲ್ಲ.

ಒಲೆ ತಿದ್ದುವ ಕೆಲಸ ಇವರಿಂದಲೇ ಮೊದಲಾಯಿತೆಂದಲ್ಲ. ವಾರ್ಧಾದ ಗಾಂಧಿವಾದಿಗಳು 1947ರಲ್ಲೇ ‘ಮಗನ್ ಚೂಲಾ’ ರೂಪಿಸಿದ್ದರು. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು 1953ರಲ್ಲಿ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಿಕೆಯನ್ನೇ ಬರೆದರು. ಊದುಗೊಳವೆ ಹಿಡಿದು ಕಣ್ಣುಜ್ಜಿಕೊಳ್ಳುತ್ತ ಕೂತ ಹೆಂಗಸಿನ ಕಷ್ಟ ಅವರಿಗೆ ಕಂಡಿತ್ತು. ಹೊಗೆ ಹೊರಗೆ ಹೋಗಬೇಕೆಂಬುದೇ ಅವರ ಮುಖ್ಯ ಕಾಳಜಿ. ಆದರೆ ಹೊಗೆ ಹೋದ ಮಾತ್ರಕ್ಕೆ ಸೌದೆ ಉಳಿಯುವುದಿಲ್ಲ. ಚಿಮಣಿಯ ಎಳೆತ ಜೋರಾದರೆ ಪಾತ್ರೆಗೆ ತಾಗಬೇಕಾದ ಶಾಖವೂ ಅದರ ಜೊತೆಗೇ ಆಕಾಶಕ್ಕೆ ಹೋಗುತ್ತದೆ.

ಮೂರು ಕಲ್ಲಿನ ಒಲೆಯಲ್ಲೂ ನಷ್ಟ ಕಡಿಮೆಯಲ್ಲ. ಸೌದೆಯಲ್ಲಿರುವ ಶಾಖದಲ್ಲಿ ಹತ್ತನೆಯ ಒಂದು ಭಾಗ ಅಡುಗೆಗೆ ದಕ್ಕಿದರೆ ಅದೇ ಹೆಚ್ಚು. ಉಳಿದದ್ದು ಪಾತ್ರೆಯ ಪಕ್ಕದಿಂದ ಸೋರಿಹೋಗುತ್ತದೆ, ಅರೆಬೆಂದು ಹೊಗೆಯಾಗುತ್ತದೆ.

1980ರ ದಶಕದ ಆರಂಭದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ರೂಪಿಸಿದ ಅಸ್ತ್ರ ಒಲೆ ಹೊಗೆ ಮತ್ತು ಸೌದೆ ಎರಡನ್ನೂ ಒಟ್ಟಿಗೆ ಗಮನಿಸಿತು. ಒಂದೇ ಸಾಲಿನಲ್ಲಿ ಮೂರು ಪಾತ್ರೆ ಕೂರುವ ಮಣ್ಣಿನ ಒಲೆ ಅದು. ಬೆಂಕಿಗೂಡು ಸುತ್ತಲೂ ಮುಚ್ಚಿರುತ್ತದೆ. ಸೌದೆ ತಳ್ಳಲು ಸಣ್ಣ ಬಾಯಿ ಮಾತ್ರ. ಉರಿಯ ಕೆಳಗೆ ಕಬ್ಬಿಣದ ಜಾಲರಿ. ಅದರಡಿಯಿಂದ ಗಾಳಿ ನುಗ್ಗುವುದರಿಂದ ಕೆಂಡ ಪೂರ್ತಿ ಉರಿದು ಬೂದಿ ತಾನಾಗಿ ಕೆಳಕ್ಕೆ ಬೀಳುತ್ತದೆ. ಪಾತ್ರೆಗಳು ಒಲೆಯೊಳಕ್ಕೆ ಇಳಿದು ಬಿಗಿಯಾಗಿ ಕೂರುತ್ತವೆ. ಮೊದಲ ಪಾತ್ರೆಯನ್ನು ಕಾಯಿಸಿದ ಬಿಸಿ ಗಾಳಿ ಎರಡನೆಯದರ ತಳ ಸವರಿ, ಮೂರನೆಯದಕ್ಕೂ ಶಾಖ ಕೊಟ್ಟು ಚಿಮಣಿ ಹತ್ತುತ್ತದೆ. ಮುದ್ದೆ, ಸಾರು, ಬಿಸಿನೀರು ಮೂರಕ್ಕೂ ಒಂದೇ ಬೆಂಕಿ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇ. 40ರ ಆಸುಪಾಸು ಮುಟ್ಟಿತು. ಹಳ್ಳಿಯಲ್ಲಿ ಅಷ್ಟು ಬರದಿದ್ದರೂ ಸರಿಯಾಗಿ ಕಟ್ಟಿದ ಕಡೆ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಸೌದೆ ಉಳಿಯಿತು.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟಿತು. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹಮ್ಮಿಕೊಂಡಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಎದ್ದಿದ್ದವು. ಆದರೆ ಅಂಕಿ ತುಂಬಿಸಲು ಕಟ್ಟಿದ ಒಲೆಗಳು ಬೇಗ ಕೈಕೊಟ್ಟವು. ಅಸ್ತ್ರ ಒಲೆಯ ಒಳಅಳತೆ ಸ್ವಲ್ಪ ತಪ್ಪಿದರೂ ಗಾಳಿಯ ದಾರಿ ಕೆಡುತ್ತದೆ. ಹೊಗೆ ಚಿಮಣಿ ಬಿಟ್ಟು ಮನೆಗೇ ಮರಳುತ್ತದೆ. ಚಿಮಣಿಯ ಮಸಿ ತೆಗೆಯಲು ಆಗಾಗ ಆಳು ಬೇಕು. ಹಬ್ಬಕ್ಕೆ ದೊಡ್ಡ ಪಾತ್ರೆ ಇಡೋಣವೆಂದರೆ ತೂತಿಗೆ ಹೊಂದುವುದಿಲ್ಲ. ಉದ್ದನೆಯ ಕೊಂಬೆಯನ್ನು ಹಾಗೇ ತುರುಕುವಂತಿಲ್ಲ, ಕಡಿದು ತುಂಡು ಮಾಡಬೇಕು, ಆ ಕೆಲಸವೂ ಹೆಚ್ಚಾಗಿ ಹೆಂಗಸರ ಪಾಲಿಗೇ ಬಂತು.

ಇನ್ನೊಂದು ತೊಡಕು ಪುರದ ಲೆಕ್ಕದಲ್ಲೇ ಇತ್ತು. ಅಲ್ಲಿ ಸೌದೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ತೀರಾ ಕಡಿಮೆ. ಬೇಲಿ, ಹೊಲದ ಬದು, ಕುರುಚಲಿನಲ್ಲಿ ಸಿಕ್ಕ ಕಡ್ಡಿಪುಳ್ಳೆಯೇ ಉರುವಲು. ಹಾಗಾಗಿ ಸೌದೆ ಉಳಿದರೆ ಗಂಡಸಿನ ಜೇಬಿನಲ್ಲಿ ಕಾಸೇನೂ ಹೆಚ್ಚಾಗಲಿಲ್ಲ. ಹೆಂಗಸಿಗೂ ಮಕ್ಕಳಿಗೂ ದಿನದ ಒಂದಿಷ್ಟು ಹೊತ್ತು ಉಳಿಯಿತು, ಅಷ್ಟೆ. ಆ ಹೊತ್ತಿಗೆ ಬೆಲೆ ಕಟ್ಟುವವರು ಮನೆಯಲ್ಲಿ ಇರಲಿಲ್ಲ, ಆದ್ದರಿಂದಲೇ ಒಲೆ ಕೆಟ್ಟಾಗ ರಿಪೇರಿಗೆ ಖರ್ಚು ಮಾಡುವವರೂ ಇರಲಿಲ್ಲ. ಅಸ್ತ್ರದವರ ದೊಡ್ಡ ಕೆಲಸ ಒಲೆಗಿಂತ ಮೊದಲು ಆ ಹೊತ್ತನ್ನು ಎಣಿಸಿದ್ದು. ಅದನ್ನು ಇಂದಿಗೂ ಯಾರೂ ಸಾಕಷ್ಟು ಹೇಳಿಲ್ಲ.

ಪುರದ ಸಗಣಿ ಅನಿಲದ ಕಥೆಯೂ ಇಲ್ಲಿಗೇ ಸೇರುತ್ತದೆ. ಊರಿಗೆಲ್ಲ ಅಡುಗೆ ಅನಿಲ ಕೊಡಲೆಂದು ಶುರುವಾದ ಸ್ಥಾವರದಲ್ಲಿ ಎಲ್ಲ ಮನೆಗೂ ಸಾಲುವಷ್ಟು ಅನಿಲ ಬರಲಿಲ್ಲ. ಪುಳ್ಳೆ ಹೇಗೂ ಸಿಗುತ್ತಿತ್ತು, ಊರಿಗೆ ತುರ್ತಾಗಿ ಬೇಕಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ಕರೆಂಟು ಮಾಡಿ, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಆಗ ಊರೇ ಸಗಣಿ ತಂದು ಸುರಿಯಿತು.

ಅಸ್ತ್ರ ಒಲೆ ಗಟ್ಟಿಯಾಗಿ ಬೇರೂರಿದ್ದು ಬಯಲುಸೀಮೆಯ ಅಡುಗೆಮನೆಗಿಂತ ಮಲೆನಾಡಿನ ಬಚ್ಚಲಲ್ಲಿ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದುದ್ದಕ್ಕೂ ಹಂಡೆ ನೀರು ಕಾಯುತ್ತಲೇ ಇರಬೇಕು, ಕೊಯ್ಲಿನ ಕಾಲದಲ್ಲಿ ಸುಲಿದ ಅಡಕೆಯನ್ನು ಬೇಯಿಸಬೇಕು. ಇದಕ್ಕೆ ಸುಡುವ ಸೌದೆ ರಾಶಿರಾಶಿ. ಅದನ್ನು ಬೆಟ್ಟದಿಂದ ಕಡಿಸಿ, ಸಾಗಿಸಿ, ಒಟ್ಟುವುದಕ್ಕೆ ಆಳಿನ ಕೂಲಿ ಕೊಡಲೇಬೇಕು. ಉಳಿತಾಯ ಇಲ್ಲಿ ಮನೆಯ ಯಜಮಾನನ ಕಣ್ಣಿಗೆ ಬಿತ್ತು. ಹಂಡೆ ಒಮ್ಮೆ ಹೂತರೆ ಕದಲುವುದೂ ಇಲ್ಲ, ಪಾತ್ರೆಯ ಅಳತೆಯ ತಕರಾರಿಲ್ಲ. ಬೆಂಗಳೂರಿನ ‘ಟೈಡ್’ ಸಂಸ್ಥೆ 1990ರ ದಶಕದಿಂದ ಇದೇ ಜ್ಞಾನವನ್ನು ರೇಷ್ಮೆಗೂಡು ಬೇಯಿಸುವಂಥ ಸಣ್ಣ ಉದ್ಯಮಗಳಿಗೆ ಒಯ್ದಿತು. ನೂಲು ಬಿಚ್ಚುವವನಿಗೆ ಸೌದೆ ದಿನದ ಖರ್ಚು. ಕಡಿಮೆಯಾದರೆ ಸಂಜೆಗೇ ಲೆಕ್ಕಕ್ಕೆ ಸಿಗುತ್ತದೆ.

2016ರ ಉಜ್ವಲಾ ಯೋಜನೆಯ ನಂತರ ಹಳ್ಳಿಯ ಬಡ ಮನೆಗಳಿಗೂ ಗ್ಯಾಸ್ ಬಂದಿದೆ. ಆದರೆ ಸಿಲಿಂಡರ್ ತುಂಬಿಸಲು ಕೈಯಲ್ಲಿ ದುಡ್ಡಿಲ್ಲದ ತಿಂಗಳಲ್ಲಿ ಹಿತ್ತಿಲಲ್ಲಿ ಪುಳ್ಳೆ ಒಲೆ ಉರಿಯುತ್ತದೆ, ಸ್ನಾನದ ನೀರಿಗಂತೂ ಗ್ಯಾಸ್ ಹಚ್ಚುವವರು ವಿರಳ. ಮಲೆನಾಡಿನಲ್ಲಿ ಚಾವಣಿಗೆ ಸೋಲಾರ್ ಹಾಕಿಸಿಕೊಂಡವರೂ ಸೂರ್ಯ ಕಾಣದ ಆಷಾಢದಲ್ಲಿ ಹಂಡೆಗೆ ಬೆಂಕಿ ಹಾಕುತ್ತಾರೆ. ಅಲ್ಲೆಲ್ಲ ಜಾಲರಿ ಬದಲಿಸಿ ಚಿಮಣಿ ಗುಡಿಸಿಟ್ಟ ಒಲೆ ಈಗಲೂ ಅರ್ಧ ಸೌದೆಯಲ್ಲಿ ನೀರು ಕಾಯಿಸುತ್ತಿದೆ.