ರೇಖೆಯಲ್ಲ, ಗೆರೆ: ‘ಇರು ಕೋಡುಗಳ್’ ಶೀರ್ಷಿಕೆಯ ಅರ್ಥವಿಚಾರ

ಸವತಿ ಮತ್ಸರದ ಸಿನಿಮಾಗಳ ಮಾತು ಬಂದಾಗ ಕೆ. ಬಾಲಚಂದರ್ ಅವರ ‘ಎರಡು ರೇಖೆಗಳು’ (1984) ಚಿತ್ರವನ್ನು ನೆನೆದು, ಇಬ್ಬರು ಹೆಂಡಿರೂ ಎಂದಿಗೂ ಕೂಡದ ಸಮಾನಾಂತರ ರೇಖೆಗಳು ಎಂದು ಮಾತು ಮುಗಿಸುವ ರೂಢಿ ನಮ್ಮಲ್ಲಿದೆ. ನಾನು ಗೌರವಿಸುವ ಹಿರಿಯರೊಬ್ಬರು ಗೋಷ್ಠಿಯೊಂದರಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಆಮೇಲೆ ಮೂಲ ತಮಿಳು ಚಿತ್ರ ‘ಇರು ಕೋಡುಗಳ್’ (1969) ಇನ್ನೊಮ್ಮೆ ನೋಡಿದೆ. ಆ ಅರ್ಥಕ್ಕೆ ಚಿತ್ರದಲ್ಲಿ ಎಲ್ಲಿಯೂ ಆಧಾರವಿಲ್ಲ. ಇರುವುದೆಲ್ಲ ಅದಕ್ಕೆ ವಿರುದ್ಧವಾದದ್ದೇ.

ಕಥೆ ಬಲ್ಲವರಿಗೆ ನೆನಪಿಸಲು ಎರಡು ಮಾತು ಸಾಕು. ಜೆಮಿನಿ ಗಣೇಶನ್ ಮಾಡಿರುವ ಗೋಪಿನಾಥ ಕಲೆಕ್ಟರ್ ಕಚೇರಿಯ ಗುಮಾಸ್ತ. ಮನೆಯಲ್ಲಿ ಹೆಂಡತಿ ಜಯಾ, ಮಕ್ಕಳು. ಆ ಕಚೇರಿಗೆ ಕಲೆಕ್ಟರಾಗಿ ಬರುವ ಜಾನಕಿ, ಅವನ ತಾಯಿ ಒಪ್ಪದೆ ದೂರವಾದ ಮೊದಲ ಹೆಂಡತಿ. ಸಾಹುಕಾರ್ ಜಾನಕಿ ಕಲೆಕ್ಟರು, ನಮ್ಮ ಬಳ್ಳಾರಿಯ ಜಯಂತಿ ಜಯಾ. (ಪಾತ್ರಗಳಿಗೆ ನಟಿಯರ ಹೆಸರನ್ನೇ ಇಟ್ಟದ್ದು ಕಾಕತಾಳೀಯವೆಂದು ನಾನು ನಂಬುವುದಿಲ್ಲ; ಆದರೆ ಅದರ ಮೇಲೆ ವಾದ ಕಟ್ಟುವುದೂ ಇಲ್ಲ.) ಆ ವರ್ಷದ ಅತ್ಯುತ್ತಮ ತಮಿಳು ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ ಇದಕ್ಕೆ ಸಂದಿತು.

ಈಗ ಶೀರ್ಷಿಕೆ. ತಮಿಳಿನ ‘ಕೋಡು’ ಕನ್ನಡ ಕಿವಿಗೆ ಕೊಂಬಿನಂತೆ ಕೇಳಿಸುತ್ತದೆ. ತಮಿಳಿನಲ್ಲೂ ಆ ಶಬ್ದಕ್ಕೆ ಕೊಂಬು, ದಂತ, ಬೆಟ್ಟದ ತುದಿ ಎಂಬ ಹಳೆಯ ಅರ್ಥಗಳುಂಟು. ಆದರೆ ಇವತ್ತಿನ ತಮಿಳರ ಬಾಯಲ್ಲಿ ಕೋಡು ಎಂದರೆ ಗೆರೆ, ಹುಡುಗರು ಸ್ಲೇಟಿನ ಮೇಲೆ ಬಳಪದಿಂದ ಎಳೆಯುವ ಗೆರೆ. ಚಿತ್ರದೊಳಗೇ ಅದರ ಕೀಲಿಯಿದೆ: ಒಂದು ಗೆರೆ ಎಳೆದು, ಅದನ್ನು ಮುಟ್ಟದೆ, ಅಳಿಸದೆ ಚಿಕ್ಕದು ಮಾಡು ಎನ್ನುವ ಒಗಟು. ಬೀರಬಲ್ಲನ ಕಥೆಯಾಗಿ ಇದನ್ನು ನಾವೆಲ್ಲ ಕೇಳಿದ್ದೇವೆ. ಪಕ್ಕದಲ್ಲಿ ಇನ್ನೊಂದು ಉದ್ದನೆಯ ಗೆರೆ ಎಳೆದರೆ ಮೊದಲನೆಯದು ತಾನೇ ಚಿಕ್ಕದಾಗುತ್ತದೆ.

ಈ ಒಗಟಿನಲ್ಲಿ ಎರಡು ಗೆರೆಗಳೂ ಒಂದೇ ಸಮವಾಗಿರಲು ಸಾಧ್ಯವೇ ಇಲ್ಲ. ಒಂದು ಮೋಟು, ಒಂದು ಉದ್ದ ಆಗಿರಲೇಬೇಕು. ಇಲ್ಲದಿದ್ದರೆ ಒಗಟೇ ಇಲ್ಲ. ಸಮಾನಾಂತರವೆಂಬ ಓದು ಕಾಣುವುದು ಗೆರೆಗಳ ನಡುವಿನ ಅಂತರವನ್ನು, ಒಗಟು ಕೇಳುವುದು ಅವುಗಳ ಉದ್ದವನ್ನು. ಇನ್ನೂ ಮುಖ್ಯವಾದದ್ದು, ಗೆರೆಗಳು ಎಂದರೆ ಹೆಂಗಸರು ಎಂದು ಹೇಳಿದವರು ಯಾರು? ಒಗಟನ್ನು ಚಿತ್ರ ಪ್ರಯೋಗಿಸುವುದು ಸಂಕಟದ ಮೇಲೆ. ಗಂಡನ ಮೇಲೆ ಗುಮಾನಿ, ಇನ್ನೊಬ್ಬಳ ಮೇಲಿನ ಹೊಟ್ಟೆಕಿಚ್ಚು, ಇವು ಜಯಾಳ ಲೋಕವನ್ನೆಲ್ಲ ತುಂಬಿದ ಒಂದು ಗೆರೆ. ಅದನ್ನು ಯಾರೂ ಅಳಿಸಿ ಕೊಡುವುದಿಲ್ಲ, ಅವಳ ಸಂಶಯ ಸುಳ್ಳೆಂದು ಯಾರೂ ಸಾಧಿಸುವುದಿಲ್ಲ. ಸಾಧಿಸುವುದಾದರೂ ಹೇಗೆ, ಸಂಶಯದ ಬುಡದಲ್ಲಿ ಒಂದು ಮದುವೆಯೇ ಇದೆಯಲ್ಲ! ಪಕ್ಕದಲ್ಲಿ ಅದಕ್ಕಿಂತ ದೊಡ್ಡ ದುಃಖವೊಂದು ಬಂದು ನಿಲ್ಲುತ್ತದೆ, ಅಷ್ಟೆ. (ಆ ದುಃಖ ಯಾವುದೆಂದು ಹೇಳಿ, ನೋಡದವರಿಗೆ ರಸಭಂಗ ಮಾಡಲಾರೆ.) ಎರಡು ಗೆರೆಗಳೆಂದರೆ ಇಬ್ಬರು ಹೆಂಡಿರಲ್ಲ, ಎರಡು ಸಂಕಟಗಳು.

ಇದಕ್ಕೆ ಬರುವ ಆಕ್ಷೇಪ ನನಗೆ ಗೊತ್ತಿದೆ. ಇಬ್ಬರೂ ಸೇರಿ ಹಾಡುವ ಕೃಷ್ಣನ ಹಾಡನ್ನು ಮುಂದೆ ಮಾಡುತ್ತಾರೆ. ವಾಲಿ ಬರೆದ, ವಿ. ಕುಮಾರ್ ಸಂಗೀತ ಕೊಟ್ಟ, ಪಿ. ಸುಶೀಲಾ ಮತ್ತು ಕೆ. ಜಮುನಾರಾಣಿ ಹಾಡಿದ ಆ ಹಾಡಿನಲ್ಲಿ ರುಕ್ಮಿಣಿಯೂ ಭಾಮೆಯೂ ಬರುತ್ತಾರೆ. ಇಬ್ಬರಿಗೂ ಸಮಪಾಲು ಅಲ್ಲವೇ ಎಂದು ಕೇಳುತ್ತಾರೆ. ಈ ಪುರಾವೆ ಅವರು ತಿಳಿದಷ್ಟು ಅವರ ಪರವಾಗಿಲ್ಲ. ರುಕ್ಮಿಣಿ–ಭಾಮೆಯರ ಕಥೆ ಎಲ್ಲಿ ಸಮಪಾಲಿನ ಕಥೆ? ನಮ್ಮ ಉತ್ತರ ಕರ್ನಾಟಕದ ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದಲ್ಲಿ ಜಗಳ ಹುಟ್ಟುವುದೇ ಒಂದು ಹೂವು ಒಬ್ಬಳ ಮುಡಿಗೆ ಹೋದದ್ದರಿಂದ. ತುಲಾಭಾರದಲ್ಲಿ ಭಾಮೆಯ ಒಡವೆಯೆಲ್ಲ ಸೇರಿ ತೂಗದ ಕೃಷ್ಣ, ರುಕ್ಮಿಣಿಯ ಒಂದು ತುಳಸೀದಳಕ್ಕೆ ತೂಗುತ್ತಾನೆ. ಅಲ್ಲಿ ಮತ್ಸರವನ್ನು ತಕ್ಕಡಿಯಲ್ಲಿ ತೂಗುತ್ತಾರೆ, ಬಾಲಚಂದರ್ ಗೆರೆಯಲ್ಲಿ ಅಳೆಯುತ್ತಾರೆ. ಎರಡು ಕಡೆಯೂ ಪ್ರಶ್ನೆ ಹೆಚ್ಚುಕಡಿಮೆಯದು. ಹಾಡು ನನ್ನ ವಾದಕ್ಕೇ ಸಾಕ್ಷಿ.

ಎರಡನೆಯ ಆಧಾರವನ್ನು, ನನಗೆ ತಿಳಿದಮಟ್ಟಿಗೆ, ಈ ಚಿತ್ರದ ಚರ್ಚೆಗೆ ಯಾರೂ ತಂದಿಲ್ಲ. ಅದು ಸಿನಿಮಾ ಪತ್ರಿಕೆಯಲ್ಲಿ ಸಿಗುವಂಥದ್ದಲ್ಲ, ಸರ್ಕಾರಿ ನಿಯಮಾವಳಿಯಲ್ಲಿ ಸಿಗುವಂಥದ್ದು. ಐಎಎಸ್ ನೇಮಕಾತಿಯ 1954ರ ನಿಯಮಗಳ ಪ್ರಕಾರ ವಿವಾಹಿತ ಮಹಿಳೆಗೆ ಈ ಸೇವೆಗೆ ಸೇರುವ ಹಕ್ಕೆಂಬುದು ಇರಲಿಲ್ಲ. ಸೇರಿದ ಮೇಲೆ ಮದುವೆಯಾದರೆ, ಸೇವೆಯ ದಕ್ಷತೆಯ ನೆವದಲ್ಲಿ ಸರ್ಕಾರ ರಾಜೀನಾಮೆ ಕೇಳಬಹುದಿತ್ತು. ಈ ನಿಯಮವನ್ನು ತೆಗೆದದ್ದು 1972ರಲ್ಲಿ. ಐಎಎಸ್ ಸೇರಿದ ಮೊದಲ ಮಹಿಳೆ ಅನ್ನಾ ರಾಜಂ 1951ರಲ್ಲಿ ಬಂದದ್ದು ಇದೇ ಮದ್ರಾಸ್ ರಾಜ್ಯದ ಸೇವೆಗೆ. ಅಂದರೆ 1969ರ ಪ್ರೇಕ್ಷಕನ ಮುಂದೆ ಕಲೆಕ್ಟರ್ ಕುರ್ಚಿಯಲ್ಲಿ ಕೂತ ಜಾನಕಿಗೆ ಮದುವೆಯೆಂಬುದು ಬರೀ ಮನಸ್ಸಿನ ಗಾಯವಲ್ಲ, ಕುರ್ಚಿಯನ್ನೇ ಅಲುಗಿಸಬಲ್ಲ ಸಂಗತಿ. ಜಯಾಳಿಗೆ ಮದುವೆಯೇ ನೆಲೆ, ಜಾನಕಿಗೆ ಅದೇ ತೊಡಕು. ಸಮಾನಾಂತರ ರೇಖೆಗಳು ಒಂದೇ ಸಮತಲದಲ್ಲಿರಬೇಕೆಂಬುದು ಹೈಸ್ಕೂಲಿನ ಪಾಠ. ಇವರಿಬ್ಬರೂ ಆ ಅರ್ಥದಲ್ಲೂ ಸಮಾನಾಂತರವಲ್ಲ. (ಬಾಲಚಂದರ್ ಈ ನಿಯಮವನ್ನು ಓದಿ ಕಥೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಕಥೆ ಜೋಸೆಫ್ ಆನಂದನ್ ಅವರದು. ಕಾಲದ ಹವೆಯನ್ನು ಮಾತ್ರ ತೋರಿಸುತ್ತಿದ್ದೇನೆ.)

ಈ ನಿರ್ದೇಶಕರಿಗೆ ಇರುವುದನ್ನು ಮುಟ್ಟದೆ ಪಕ್ಕದಲ್ಲಿ ಇನ್ನೊಂದನ್ನು ಇಡುವ ಅಭ್ಯಾಸ ಒಗಟಿಗೆ ಮಾತ್ರ ಸೀಮಿತವಾಗಿರಲಿಲ್ಲ. ಕಲೆಕ್ಟರ್ ಜಾನಕಿ ಮುಖ್ಯಮಂತ್ರಿಯನ್ನು ಕಾಣಲು ಹೋಗುವ ದೃಶ್ಯವನ್ನು ನೋಡಿ. ಮುಖ್ಯಮಂತ್ರಿ ಅಣ್ಣಾದುರೈ. ಅವರು ಅದೇ ವರ್ಷ ಫೆಬ್ರವರಿ 3ರಂದು ತೀರಿಕೊಂಡಿದ್ದರು. ಪರದೆಯ ಮೇಲೆ ಅವರ ಮುಖವಿಲ್ಲ; ಮೇಜಿನ ಮೇಲೊಂದು ಕನ್ನಡಕ, ಜೊತೆಗೆ ಅವರದೇ ಎನ್ನಿಸುವ ಅನುಕರಣೆಯ ದನಿ. ಇಷ್ಟರಲ್ಲೇ ಆ ಕೋಣೆ ತುಂಬಿಬಿಡುತ್ತದೆ. ಇದು ಗಿಮಿಕ್ಕು ಎಂದವರಿದ್ದಾರೆ. ಇರಬಹುದು. ಆದರೆ ಇಡೀ ಚಿತ್ರದಲ್ಲಿ ಜಾನಕಿ ತನಗಿಂತ ದೊಡ್ಡದೊಂದರ ಎದುರು ಚಿಕ್ಕವಳಾಗಿ ಕಾಣುವುದು ಇಲ್ಲಿಯೇ.

ಹಾಗಿದ್ದರೆ ಕನ್ನಡದಲ್ಲಿ ಈ ತಪ್ಪು ಓದು ಎಲ್ಲಿಂದ ಬಂತು? ನನ್ನ ಊಹೆ ಇದು, ಊಹೆಯೆಂದೇ ತೆಗೆದುಕೊಳ್ಳಿ. ‘ಕೋಡು’ ಕನ್ನಡಕ್ಕೆ ಬರುವಾಗ ‘ಗೆರೆ’ ಆಗದೆ ‘ರೇಖೆ’ ಆಯಿತು. ರೇಖೆ ಎಂದೊಡನೆ ನಮಗೆ ರೇಖಾಗಣಿತ ನೆನಪಾಗುತ್ತದೆ, ರೇಖಾಗಣಿತದ ಹಿಂದೆಯೇ ಸಮಾನಾಂತರ ಬರುತ್ತದೆ. ಜೊತೆಗೆ, ಹತ್ತು ವರ್ಷ ಮುಂಚೆ ಬಂದ ‘ಎರಡು ಕನಸು’ (1974) ಕಿವಿಗಳನ್ನು ಆಗಲೇ ಪಳಗಿಸಿತ್ತು: ಶೀರ್ಷಿಕೆಯಲ್ಲಿ ಎರಡು ಎಂದಿದ್ದರೆ ರಾಜ್‌ಕುಮಾರ್ ಒಬ್ಬರು, ಕಲ್ಪನಾ–ಮಂಜುಳಾ ಇಬ್ಬರು. ಇನ್ನು ಕೆಲವರು ಜಾನಕಿ ಎಂಬ ಹೆಸರು ಹಿಡಿದು ಲಕ್ಷ್ಮಣರೇಖೆಯವರೆಗೂ ಹೋಗಿದ್ದಾರೆ. ವಾಲ್ಮೀಕಿಯಲ್ಲೇ ಇಲ್ಲದ ಗೆರೆಯನ್ನು ಬಾಲಚಂದರ್ ಚಿತ್ರದಲ್ಲಿ ಹುಡುಕುವವರಿಗೆ ಉತ್ತರ ಕೊಡುವುದು ಕಷ್ಟ.

ಅನುವಾದಕನನ್ನು ದೂರೋಣವೆಂದರೆ ಅದಕ್ಕೂ ದಾರಿಯಿಲ್ಲ. ಕನ್ನಡದಲ್ಲಿ ಶ್ರೀನಾಥ್, ಸರಿತಾ, ಗೀತಾ ಅವರನ್ನಿಟ್ಟುಕೊಂಡು ಚಿತ್ರ ನಿರ್ದೇಶಿಸಿದವರು ಸ್ವತಃ ಬಾಲಚಂದರ್. ಈ ಹೆಸರು ಅವರ ಕಣ್ಣೆದುರಿಗೇ ಬಿದ್ದದ್ದು. ಇದು ನನ್ನ ವಾದದ ಸಡಿಲ ಕೊಂಡಿ, ಒಪ್ಪಿಕೊಳ್ಳುತ್ತೇನೆ. ಆದರೂ ಒಂದು ಹೋಲಿಕೆ ನೋಡಿ. 1972ರಲ್ಲಿ ಎಸ್.ಎಸ್. ಬಾಲನ್ ಇದೇ ಕಥೆಯನ್ನು ತೆಲುಗಿನಲ್ಲಿ ‘ಕಲೆಕ್ಟರ್ ಜಾನಕಿ’ ಎಂದೂ ಹಿಂದಿಯಲ್ಲಿ ‘ಸಂಜೋಗ್’ ಎಂದೂ ತೆಗೆದರು. ಒಂದು ಹೆಸರು ಹುದ್ದೆಯನ್ನು ಹಿಡಿಯಿತು, ಇನ್ನೊಂದು ಕಾಕತಾಳೀಯವನ್ನು. ಈ ಮೂರರಲ್ಲಿ ಒಗಟನ್ನು ಉಳಿಸಿಕೊಂಡದ್ದು ಕನ್ನಡದ ಹೆಸರೊಂದೇ. ಉಳಿಸಿಕೊಂಡದ್ದನ್ನೇ ನಾವು ತಪ್ಪಾಗಿ ಓದಿದೆವು.

ಇನ್ನು ಮುಂದೆ ಈ ಚಿತ್ರದ ಬಗ್ಗೆ ಬರೆಯುವವರಲ್ಲಿ ನನ್ನದೊಂದು ಕೇಳಿಕೆ: ‘ಸಮಾನಾಂತರ’ ಎಂಬ ಮಾತು ಚಿತ್ರದಲ್ಲಿ ಎಲ್ಲಿದೆಯೆಂದು ತೋರಿಸಿ, ಇಲ್ಲವೇ ಅದನ್ನು ಬಿಟ್ಟುಬಿಡಿ. ಆ ಹಿರಿಯರಿಗೂ ಪತ್ರ ಬರೆದು ಇದನ್ನೇ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.