ಹೆರಿಟೇಜ್ ವಲಯದ ಮನೆ: ಹಳೆ ಕಿಟಕಿ ಕಿತ್ತು ಹೊಸದು ಹಾಕಿಸುವ ಮುನ್ನ ಇದು ತಿಳಿದಿರಲಿ

ಮುಂಬೈನ ಫೋರ್ಟ್, ಓವಲ್ ಮೈದಾನ, ಮರೀನ್ ಡ್ರೈವ್ ಸುತ್ತಮುತ್ತಲಿನ ಹಳೆಯ ಕಟ್ಟಡಗಳ ನಿವಾಸಿಗಳಿಗೆ ಮಳೆಗಾಲ ಬಂತೆಂದರೆ ಕಿಟಕಿಯದೇ ಚಿಂತೆ. ಮರ ಉಬ್ಬಿ ಬಾಗಿಲು ಮುಚ್ಚಿಕೊಳ್ಳುವುದಿಲ್ಲ, ಕೆಳಗಿನ ಪಟ್ಟಿಯಿಂದ ನೀರು ಒಳಗೆ ಇಳಿಯುತ್ತದೆ, ಕಬ್ಬಿಣದ ಚೌಕಟ್ಟಾದರೆ ತುಕ್ಕು. ಹಳೆಯದನ್ನು ಕಿತ್ತು ಅಲ್ಯೂಮಿನಿಯಂ ಅಥವಾ ಯುಪಿವಿಸಿ ಸ್ಲೈಡಿಂಗ್ ಕಿಟಕಿ ಹಾಕಿಸಿದರೆ ರಗಳೆ ಮುಗಿಯಿತು ಎಂದು ಅನೇಕರು ಭಾವಿಸುತ್ತಾರೆ. ಆದರೆ ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿದ್ದರೆ ಕಿಟಕಿ ಬದಲಿಸುವುದು ಮನೆಯವರಷ್ಟೇ ತೀರ್ಮಾನಿಸುವ ವಿಷಯವಲ್ಲ. ಅನುಮತಿ ಯಾವಾಗ ಬೇಕು, ದುರಸ್ತಿ ಎಷ್ಟರ ಮಟ್ಟಿಗೆ ಸಾಧ್ಯ, ಬದಲಿಸಲೇಬೇಕಾದರೆ ಏನು ಗಮನಿಸಬೇಕು? ಇಲ್ಲಿದೆ ವಿವರ.

ನಿಯಮ ಏನು ಹೇಳುತ್ತದೆ?

ಮುಂಬೈನಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಪ್ರತ್ಯೇಕ ನಿಯಮಾವಳಿ ಜಾರಿಗೆ ಬಂದದ್ದು 1995ರಲ್ಲಿ. ಅದರಂತೆ ಪಟ್ಟಿಯಲ್ಲಿರುವ ಕಟ್ಟಡದಲ್ಲಿ ಯಾವುದೇ ಬದಲಾವಣೆ, ದುರಸ್ತಿ, ನವೀಕರಣ, ವಿಶೇಷ ಅಂಶಗಳ ಬದಲಿ ಜೋಡಣೆ, ಅಷ್ಟೇ ಏಕೆ, ಬಣ್ಣ ಬಳಿಯಲೂ ಪಾಲಿಕೆ ಆಯುಕ್ತರ ಲಿಖಿತ ಪೂರ್ವಾನುಮತಿ ಬೇಕು. ಆಯುಕ್ತರಿಗೆ ಸಲಹೆ ನೀಡಲು ಮುಂಬೈ ಪಾರಂಪರಿಕ ಸಂರಕ್ಷಣಾ ಸಮಿತಿ ಇದೆ. ನಗರದ ಈಗಿನ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯಲ್ಲೂ ಪಾರಂಪರಿಕ ಕಟ್ಟಡಗಳಿಗೆ ಪ್ರತ್ಯೇಕ ನಿಯಮವಿದೆ.

ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಲಾಗಿದೆ.

ಗ್ರೇಡ್ 1: ರಾಷ್ಟ್ರೀಯ ಅಥವಾ ಐತಿಹಾಸಿಕ ಮಹತ್ವದವು. ಕಟ್ಟಡದ ಬಲ ಮತ್ತು ಆಯಸ್ಸು ಹೆಚ್ಚಿಸಲು ಅಗತ್ಯವಿದ್ದರೆ ಮಾತ್ರ ಕೆಲಸಕ್ಕೆ ಅವಕಾಶ. ಹೊರಗೂ ಒಳಗೂ ಇದೇ ನಿಯಮ.

ಗ್ರೇಡ್ 2: ಪ್ರಾದೇಶಿಕ ಅಥವಾ ಸ್ಥಳೀಯ ಮಹತ್ವದವು. ಇದರಲ್ಲಿ 2ಎ ಮತ್ತು 2ಬಿ ಎಂಬ ಎರಡು ವಿಭಾಗ. ಒಳಗಿನ ಬದಲಾವಣೆಗೆ ಪರಿಶೀಲನೆಯ ನಂತರ ಅವಕಾಶವುಂಟು, ವಿಶೇಷ ಅಂಶಗಳು ಉಳಿಯಬೇಕು.

ಗ್ರೇಡ್ 3: ಬೀದಿಯ ಒಟ್ಟು ನೋಟಕ್ಕೆ ಮುಖ್ಯವಾದವು. ಒಳಗೂ ಹೊರಗೂ ಬದಲಾವಣೆಗೆ ಸಾಮಾನ್ಯವಾಗಿ ಅವಕಾಶವಿದೆ, ಆದರೆ ಅದು ಸುತ್ತಲಿನ ನೋಟಕ್ಕೆ ಹೊಂದಬೇಕು.

ಇವಲ್ಲದೆ ಇಡೀ ಪ್ರದೇಶವನ್ನೇ ಪಾರಂಪರಿಕ ವಲಯ ಎಂದು ಗುರುತಿಸುವ ಕ್ರಮವೂ ಇದೆ. ಫೋರ್ಟ್, ಮರೀನ್ ಡ್ರೈವ್ ಇಂಥ ವಲಯಗಳು. ಕಟ್ಟಡಕ್ಕೆ ಪ್ರತ್ಯೇಕ ದರ್ಜೆ ಇಲ್ಲದಿದ್ದರೂ ಅದು ವಲಯದೊಳಗೆ ಇರಬಹುದು. ಹಾಗಾಗಿ ಕೆಲಸ ಶುರುವಾಗುವ ಮೊದಲು ಎರಡನ್ನೂ ಪಾಲಿಕೆಯ ಪಟ್ಟಿಯಲ್ಲಿ ಪರಿಶೀಲಿಸುವುದು ಒಳಿತು.

ಕಿಟಕಿಗೇಕೆ ಇಷ್ಟು ಮಹತ್ವ?

ಓವಲ್ ಮೈದಾನದ ಒಂದು ಬದಿಯಲ್ಲಿ 19ನೇ ಶತಮಾನದ ಗೋಥಿಕ್ ಕಟ್ಟಡಗಳು, ಎದುರು ಬದಿಯಲ್ಲಿ 20ನೇ ಶತಮಾನದ ಆರ್ಟ್ ಡೆಕೊ ವಸತಿ ಕಟ್ಟಡಗಳು. 94 ಕಟ್ಟಡಗಳ ಈ ಸಮೂಹಕ್ಕೆ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿತು. ಆರ್ಟ್ ಡೆಕೊ ಕಟ್ಟಡದ ಅಂದ ಅಡ್ಡ ಗೆರೆಗಳಲ್ಲಿದೆ: ಸಾಲು ಕಿಟಕಿಗಳು, ಅವುಗಳ ಮೇಲೆ ಹುಬ್ಬಿನಂತೆ ಹರಿದ ಸಜ್ಜಾ, ದುಂಡನೆಯ ಬಾಲ್ಕನಿ. ಒಂದು ಫ್ಲ್ಯಾಟ್‌ನಲ್ಲಿ ಬಿಳಿ ಯುಪಿವಿಸಿ, ಮೇಲಿನದರಲ್ಲಿ ಕಪ್ಪು ಗಾಜು, ಪಕ್ಕದಲ್ಲಿ ಮುಚ್ಚಿದ ಬಾಲ್ಕನಿ ಬಂದರೆ ಆ ಗೆರೆ ತುಂಡಾಗುತ್ತದೆ.

ನೋಟದ ಜತೆ ಗಾಳಿಯ ಲೆಕ್ಕವೂ ಇದೆ. ಹಳೆಯ ಕಿಟಕಿಯ ಬಾಗಿಲುಗಳು ಪೂರ್ತಿ ತೆರೆಯುತ್ತವೆ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿಯಲ್ಲಿ ಒಂದರ ಹಿಂದೆ ಇನ್ನೊಂದು ಸರಿಯುವುದರಿಂದ ಒಮ್ಮೆಗೆ ಅರ್ಧ ಭಾಗವಷ್ಟೇ ತೆರೆಯಲು ಸಾಧ್ಯ. ಪಟ್ಟಿಗಳಿರುವ ಮರದ ಬಾಗಿಲುಗಳಾದರೆ ಮುಚ್ಚಿದ್ದರೂ ಗಾಳಿ ಆಡುತ್ತದೆ, ಬಿಸಿಲು ಬೀಳುವುದಿಲ್ಲ. ಇದನ್ನು ತೆಗೆದ ಮನೆಯಲ್ಲಿ ಫ್ಯಾನ್, ಎಸಿ ಮೇಲಿನ ಅವಲಂಬನೆ ಹೆಚ್ಚುತ್ತದೆ.

ಬದಲಿಸುವುದಕ್ಕಿಂತ ದುರಸ್ತಿ ಏಕೆ ಮೇಲು?

ಹಳೆಯ ಕಟ್ಟಡಗಳಲ್ಲಿ ಬಳಸಿದ ಸಾಗುವಾನಿ ಬಹುಕಾಲ ಬೆಳೆದ ಮರದ್ದು. ಅಷ್ಟು ಗಟ್ಟಿಯಾದ ಮರ ಇಂದು ಸುಲಭವಾಗಿ ಸಿಗುವುದಿಲ್ಲ. ಇನ್ನೊಂದು ಅನುಕೂಲವೆಂದರೆ ಮರದ ಕಿಟಕಿ ಬಿಡಿ ಭಾಗಗಳ ಜೋಡಣೆ. ಒಂದು ಭಾಗ ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ಕಿಟಕಿ ಪೂರ್ತಿ ಹಾಳಾಗಿದೆ ಎಂದುಕೊಳ್ಳುವ ಮುನ್ನ ಈ ಅಂಶಗಳನ್ನು ನೋಡಬೇಕು:

* ಮೊದಲು ಕೊಳೆಯುವುದು ಸಾಮಾನ್ಯವಾಗಿ ನೀರು ನಿಲ್ಲುವ ಕೆಳಗಿನ ಪಟ್ಟಿ. ಕೊಳೆತಷ್ಟು ಭಾಗ ಕತ್ತರಿಸಿ ಅದೇ ಜಾತಿಯ ಮರದ ತುಂಡನ್ನು ಬೆಸೆಯಬಹುದು.
* ಬಾಗಿಲು ಜೋತುಬಿದ್ದಿದ್ದರೆ ತಪ್ಪು ಹೆಚ್ಚಾಗಿ ಬಿಜಾಗರಿ ಮತ್ತು ಸ್ಕ್ರೂಗಳದ್ದು.
* ಗಾಜು ಅಲುಗಾಡಿದರೆ ಹಳೆ ಪುಟ್ಟಿ ತೆಗೆದು ಹೊಸದು ತುಂಬಿದರೆ ಸಾಕು.
* ಸಂದುಗಳಲ್ಲಿ ಗಾಳಿ, ನೀರು ನುಗ್ಗದಂತೆ ಒಳಬದಿಗೆ ತೆಳುವಾದ ರಬ್ಬರ್ ಪಟ್ಟಿ ಕೂರಿಸಬಹುದು.
* ಕಬ್ಬಿಣದ ಚೌಕಟ್ಟಾದರೆ ತುಕ್ಕು ಕೆರೆದು, ಪ್ರೈಮರ್ ಹಚ್ಚಿ ಬಣ್ಣ ಬಳಿಯಬೇಕು.
* ರಸ್ತೆಯ ಸದ್ದು ತಾಳಲಾಗದಿದ್ದರೆ ಹಳೆಯ ಕಿಟಕಿ ಇದ್ದಂತೆಯೇ ಒಳಬದಿಗೆ ಇನ್ನೊಂದು ಗಾಜಿನ ಬಾಗಿಲು ಜೋಡಿಸುವ ಉಪಾಯವಿದೆ.

ಒಂದು ಎಚ್ಚರಿಕೆ: ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದು ಎಂಬ ನಿಯಮ ದೇಶದಲ್ಲಿ ಜಾರಿಯಾದದ್ದು 2017ರಲ್ಲಷ್ಟೇ. ಆದ್ದರಿಂದ ಒಣಗಿದ ಬಣ್ಣವನ್ನು ಹಾಗೆಯೇ ಉಜ್ಜಬಾರದು. ಒದ್ದೆ ಮಾಡಿ ಉಜ್ಜಬೇಕು, ಮಕ್ಕಳು ಮತ್ತು ಗರ್ಭಿಣಿಯರನ್ನು ಆ ಕೋಣೆಯಿಂದ ದೂರವಿಡಬೇಕು.

ಬದಲಿಸಲೇಬೇಕಾದರೆ?

ಮರ ಪೂರ್ತಿ ಟೊಳ್ಳಾಗಿದ್ದರೆ ಅಥವಾ ಚೌಕಟ್ಟೇ ಗೋಡೆಯಿಂದ ಕಳಚುವ ಹಂತದಲ್ಲಿದ್ದರೆ ಬದಲಿಸದೆ ದಾರಿಯಿಲ್ಲ. ಆಗ ಹೊಸ ಕಿಟಕಿ ಹಳೆಯದನ್ನೇ ಹೋಲಬೇಕು. ಅಳತೆ, ಗಾಜಿನ ವಿಂಗಡಣೆ, ಪಟ್ಟಿಗಳ ದಪ್ಪ, ಬಾಗಿಲು ತೆರೆಯುವ ರೀತಿ, ಬಣ್ಣ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಗೋಡೆಯ ಕಿಂಡಿಯನ್ನು ಹಿಗ್ಗಿಸುವುದು, ಕುಗ್ಗಿಸುವುದು, ಸಜ್ಜಾ ಒಡೆಯುವುದು ಬೇಡ.

ಅರ್ಜಿಗೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ:

1. ಪ್ರತಿ ಕಿಟಕಿಯ ಒಳ, ಹೊರ ಫೋಟೊ ಮತ್ತು ಅಳತೆ.
2. ಈಗಿರುವ ಕಿಟಕಿ ಹಾಗೂ ಹಾಕಲಿರುವ ಕಿಟಕಿಯ ನಕ್ಷೆ. ಸಂರಕ್ಷಣಾ ಕೆಲಸ ಬಲ್ಲ ವಾಸ್ತುಶಿಲ್ಪಿಯಿಂದ ಮಾಡಿಸಿದರೆ ಒಳ್ಳೆಯದು.
3. ಹೌಸಿಂಗ್ ಸೊಸೈಟಿಯ ಒಪ್ಪಿಗೆ. ಪಗಡಿ ಬಾಡಿಗೆದಾರರಾದರೆ ಕಟ್ಟಡದ ಮಾಲೀಕರ ಒಪ್ಪಿಗೆ.

ಅನುಮತಿ ಕೈಸೇರುವ ಮುನ್ನ ಹಳೆಯ ಕಿಟಕಿ ಕೀಳಬಾರದು. ಮೂಲ ಕಿಟಕಿ ಹೇಗಿತ್ತು, ಎಷ್ಟು ಹಾಳಾಗಿತ್ತು ಎಂಬುದಕ್ಕೆ ಅದೇ ಪುರಾವೆ. ಕೆಳಗೆ ನಡೆಯುವವರ ಮೇಲೆ ಬೀಳುವ ಅಪಾಯವಿದ್ದರೆ ಫೋಟೊ ತೆಗೆದು, ಬಿಚ್ಚಿದ ಭಾಗಗಳನ್ನು ಜೋಪಾನವಾಗಿಟ್ಟು, ಕೂಡಲೇ ವಾರ್ಡ್ ಕಚೇರಿಗೆ ಲಿಖಿತವಾಗಿ ತಿಳಿಸುವುದು ಸೂಕ್ತ.

ಖರ್ಚು ಯಾರದು?

ನಿವಾಸಿಗಳ ಅಸಮಾಧಾನ ಇರುವುದು ಇಲ್ಲಿಯೇ. ಕಟ್ಟಡದ ನಿಯಮಿತ ದುರಸ್ತಿ, ನಿರ್ವಹಣೆ ಮಾಲೀಕರ ಕರ್ತವ್ಯ ಎನ್ನುತ್ತದೆ ನಿಯಮ. ಹೆಚ್ಚುವರಿ ಕಟ್ಟುವ ಹಕ್ಕು ಕಳೆದುಕೊಂಡವರಿಗೆ ಟಿಡಿಆರ್, ಅಂದರೆ ಅಭಿವೃದ್ಧಿ ಹಕ್ಕಿನ ವರ್ಗಾವಣೆಯ ಪರಿಹಾರವಿದೆ. ಆದರೆ ಬಾಡಿಗೆ ಮನೆಯ ನಾಲ್ಕು ಕಿಟಕಿ ಸರಿಪಡಿಸಲು ಅದು ನೆರವಾಗದು. ಅತ್ಯಲ್ಪ ಬಾಡಿಗೆ ಬರುವ ಪಗಡಿ ಕಟ್ಟಡಕ್ಕೆ ಕೈಯಿಂದ ಹಣ ಹಾಕಲು ಮಾಲೀಕರು ಹಿಂಜರಿಯುತ್ತಾರೆ, ಬಾಡಿಗೆದಾರರು ಅಗ್ಗದ ದಾರಿ ಹುಡುಕುತ್ತಾರೆ. ಇಡೀ ಸೊಸೈಟಿ ಒಂದೇ ಮಾದರಿ ನಿಗದಿಪಡಿಸಿ ಒಟ್ಟಿಗೆ ಅರ್ಜಿ ಹಾಕಿದರೆ ನಕ್ಷೆ, ಪರಂಚಿ, ಮರಗೆಲಸದ ಖರ್ಚು ಹಂಚಿಹೋಗುತ್ತದೆ.

ಬೇರೆ ಊರುಗಳಲ್ಲಿ ಹೇಗೆ?

ಪುಣೆ, ದೆಹಲಿ, ಚೆನ್ನೈ, ಹೈದರಾಬಾದ್‌ಗಳಲ್ಲೂ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ವ್ಯವಸ್ಥೆ ಇದೆ. ನಿಯಮ ಮತ್ತು ಅನುಮತಿ ನೀಡುವ ಪ್ರಾಧಿಕಾರ ಊರಿಂದ ಊರಿಗೆ ಬೇರೆ.

ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಬಳಿ ಮನೆಯಿದ್ದರೆ ಮಾತ್ರ ದೇಶಕ್ಕೆಲ್ಲ ಒಂದೇ ಕಾನೂನು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಲು ಅವಕಾಶವಿದೆ. ಶ್ರೀರಂಗಪಟ್ಟಣ, ಬಾದಾಮಿ, ವಿಜಯಪುರಗಳಲ್ಲಿ ಪಿತ್ರಾರ್ಜಿತ ಮನೆ ಇರುವ ಹೊರನಾಡ ಕನ್ನಡಿಗರು ರಜೆಗೆ ಊರಿಗೆ ಹೋದಾಗ ಬಡಗಿಯನ್ನು ಕರೆಸುವ ಮುನ್ನ, ಮನೆ ಈ 300 ಮೀಟರ್ ವ್ಯಾಪ್ತಿಯೊಳಗೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವುದು ಉತ್ತಮ.