ಭೀತಿ ಕಾದಂಬರಿ: ಕನ್ನಡದಲ್ಲಿ ಓದು ಮತ್ತು ವಿಮರ್ಶೆ

ಮಾಟಮಂತ್ರ, ಪ್ರೇತಬಾಧೆ, ವಿಕಾರ, ವಿಚಿತ್ರ ಘಟನೆಗಳ ಮೂಲಕ ಓದುಗರಲ್ಲಿ ಭಯ ಹುಟ್ಟಿಸುವ ಕಾದಂಬರಿಗಳು ಕನ್ನಡದಲ್ಲಿ ಹೆಚ್ಚಾಗಿ ಬೆಳೆದದ್ದು ವಾರಪತ್ರಿಕೆಯ ಧಾರಾವಾಹಿಗಳಲ್ಲಿ ಮತ್ತು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಲ್ಲಿ. ಓದಿದವರು ಬಹಳ, ವಿಮರ್ಶಿಸಿದವರು ಕಡಿಮೆ.

ಬೇರು ಮಾತ್ರ ಹಳೆಯದು. ನಮ್ಮ ಅಲಂಕಾರಶಾಸ್ತ್ರ ಭಯಾನಕ, ಬೀಭತ್ಸಗಳನ್ನು ರಸಗಳೆಂದೇ ಒಪ್ಪಿಕೊಂಡಿತ್ತು. ಹೊಯ್ಸಳರ ಕಾಲದ ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಚಂಡಮಾರಿಯ ಗುಡಿಗೆ ನರಬಲಿಗೆಂದು ಎಳೆತಂದ ಅಣ್ಣತಂಗಿಯರಿದ್ದಾರೆ, ಜೀವಬಲಿಯ ಬದಲಿಗೆ ಮಾಡಿದ, ಕತ್ತಿ ಬಿದ್ದಾಗ ಕೂಗಿಕೊಳ್ಳುವ ಹಿಟ್ಟಿನ ಹುಂಜವಿದೆ. ಇಂದಿನ ಯಾವ ಭೀಕರ ಕಥೆಗೂ ಸಾಟಿಯಾಗುವ ವೈಚಿತ್ರ್ಯ ಅದು. ಆದರೆ ಜನ್ನ ಭಯಕ್ಕಾಗಿ ಭಯವನ್ನು ತರಲಿಲ್ಲ. ಮನಸ್ಸಿನಲ್ಲಿ ನೆನೆದ ಹಿಂಸೆಗೂ ಹೊಣೆಯಿದೆ ಎಂಬುದನ್ನು ಮುಟ್ಟಿಸಲು ಅವನಿಗೆ ಆ ಕೂಗು ಬೇಕಿತ್ತು. ಈ ಬಗೆಯ ಬರಹವನ್ನು ತೂಗಲು ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

20ನೆಯ ಶತಮಾನದಲ್ಲಿ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು ಸಾಮಾನ್ಯ ಓದುಗರ ಒಂದು ದೊಡ್ಡ ಬಳಗವನ್ನೇ ಕಟ್ಟಿದರು. ರೋಚಕತೆಗೆ ಒಗ್ಗಿದ ಓದುಗರಿಗೆ 1980ರ ದಶಕದಲ್ಲಿ ಸಿಕ್ಕಿದ್ದು ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’. ತುಳಸಿ ಎಂಬ ಪುಟ್ಟ ಹುಡುಗಿಯ ಮೇಲೆ ನಡೆಯುವ ಕ್ಷುದ್ರಪ್ರಯೋಗದ ಕಥೆ ಇದು. ವೈದ್ಯನೂ ಮಂತ್ರವಾದಿಯೂ ಒಂದೇ ಕಥೆಯಲ್ಲಿ ಎದುರಾಗುತ್ತಾರೆ. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಇದನ್ನು ಕನ್ನಡದಲ್ಲಿ ಸಿನಿಮಾ ಮಾಡಿದರು. ಮೂಢನಂಬಿಕೆಗೆ ನೀರೆರೆಯುತ್ತದೆಂದು ತೆಲುಗಿನಲ್ಲಿ ಲೇಖಕಿ ರಂಗನಾಯಕಮ್ಮ ಈ ಕಾದಂಬರಿಯನ್ನು ಕಟುವಾಗಿ ಖಂಡಿಸಿದರು. ಅವರ ಆಕ್ಷೇಪ ನ್ಯಾಯವಾದದ್ದು: ವಿಜ್ಞಾನದ ಮಾತನ್ನೂ ಮಂತ್ರದ ಮಾತನ್ನೂ ಸಮನಾಗಿ ಇಟ್ಟಾಗ ಓದುಗನ ಭಯ ಮಂತ್ರದ ಕಡೆಗೇ ವಾಲುತ್ತದೆ. ಹಾಗೆಂದು ಪುಟ ಬಿಡದೆ ಓದಿಸುವ ಯಂಡಮೂರಿಯವರ ಕಸುಬುಗಾರಿಕೆಯನ್ನು ಅಲ್ಲಗಳೆಯಲಾಗದು. ಮುಂದೆ ರವಿ ಬೆಳಗೆರೆಯವರ (1958–2020) ‘ಮಾಟಗಾತಿ’, ‘ಸರ್ಪ ಸಂಬಂಧ’ಗಳು ಇದೇ ದಾರಿಯಲ್ಲಿ ಬಂದವು.

ಈ ಚರ್ಚೆಗೆ ಮಂಡ್ಯದ ಕೊಡುಗೆ ಅನಿರೀಕ್ಷಿತ ಕಡೆಯಿಂದ ಬಂದಿದೆ. 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದ ತ್ರಿವೇಣಿ (ಅನಸೂಯಾ ಶಂಕರ್) ಭೀತಿ ಕಾದಂಬರಿ ಬರೆದವರಲ್ಲ. ಮನಶ್ಶಾಸ್ತ್ರ ಓದಿದ್ದ ಅವರು 1963ರಲ್ಲಿ ತೀರಿಕೊಳ್ಳುವ ಮೊದಲು ಹತ್ತೇ ವರ್ಷಗಳಲ್ಲಿ ಸುಮಾರು 20 ಕಾದಂಬರಿಗಳನ್ನು ಬರೆದರು. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿಯ ಕಡೆಯ ಹಳ್ಳಿಗಳಲ್ಲಿ ಬಾಣಂತಿಯ ಬುದ್ಧಿ ಕದಡಿದರೆ ಗಾಳಿ ಸೋಕಿದೆ, ದೆವ್ವ ಮೆಟ್ಟಿದೆ ಅನ್ನುವ ಮಾತು ಹೊಸದಲ್ಲ. ಅಂಥದೇ ಸ್ಥಿತಿಯನ್ನು ತ್ರಿವೇಣಿಯವರ ಕಾದಂಬರಿ ‘ಶರಪಂಜರ’ ಕಾಯಿಲೆಯೆಂದು ಗುರುತಿಸಿತು. ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳಿದ ನಾಯಕಿ ಕಾವೇರಿಯನ್ನು ಎಲ್ಲರೂ ಹುಚ್ಚಿಯೆಂದೇ ನೋಡುತ್ತಾರೆ. ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಪ್ರೇತವಿಲ್ಲದೆ, ಮಾಟವಿಲ್ಲದೆ ಓದುಗರನ್ನು ಇಷ್ಟು ಹೆದರಿಸಿದ ಕಾದಂಬರಿ ಕನ್ನಡದಲ್ಲಿ ಅಪರೂಪ. ‘ತುಳಸಿದಳ’ದಲ್ಲಿ ಭಯದ ಮೂಲ ಮಂತ್ರವಾದಿ, ಇಲ್ಲಿ ಗಂಡ, ನೆಂಟರು, ನೆರೆಹೊರೆಯವರು. ಎರಡನ್ನೂ ಜೊತೆಗಿಟ್ಟು ಓದುವ ಕೆಲಸವನ್ನು ಕನ್ನಡ ವಿಮರ್ಶೆ ಇನ್ನೂ ಮನಸ್ಸಿಟ್ಟು ಮಾಡಬೇಕಾಗಿದೆ.